ಊರಿಗೆ ಹೊರಡುವ ಮುಂಚೆ ಒಂದು ಯೂನಿಟ್

ಕಳೆದ ಜನವರಿಯಲ್ಲಿ ಮೈಸೂರಿನಲ್ಲಿ ಒಂದು ಮದುವೆ ಮುಗಿಸಿ ಅಮೆರಿಕಕ್ಕೆ ವಾಪಸ್ ಬಂದವನು, ಎರಡೇ ವಾರಕ್ಕೆ ರಕ್ತ ಕೊಡಲು ಹೋದೆ. ಅಂಗಿಯ ತೋಳು ಮಡಚಿ ರೆಡಿಯಾಗಿ ಕೂತಿದ್ದೆ. ಅಲ್ಲಿದ್ದ ಹುಡುಗಿ ಪ್ರಯಾಣದ ವಿವರ ನೋಡಿ, ನಗುತ್ತಲೇ "ಏಪ್ರಿಲ್‌ನಲ್ಲಿ ಬನ್ನಿ" ಎಂದಳು. ಮಲೇರಿಯಾ ಇರುವ ಕಡೆ ಹೋಗಿ ಬಂದವರು ಅಮೆರಿಕದಲ್ಲಿ 3 ತಿಂಗಳು ರಕ್ತ ಕೊಡುವಂತಿಲ್ಲ. 2020ಕ್ಕೆ ಮುಂಚೆ ಇದು ಒಂದು ವರ್ಷ ಇತ್ತು, ಅಂದರೆ ವರ್ಷಕ್ಕೊಮ್ಮೆ ಅಮ್ಮನ ಮುಖ ನೋಡಿ ಬರುವವರಿಗೆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿಯೇ ಇತ್ತು. ಭಾರತದಿಂದ ಹೊಸದಾಗಿ ಬಂದು ನೆಲೆಸಿದವರು 3 ವರ್ಷ ಕಾಯಬೇಕು.

ಆದರೆ ಇಲ್ಲಿ ಹದಿನೈದು ವರ್ಷದಿಂದ ಇರುವವರೂ ಕೊಟ್ಟಿಲ್ಲವಲ್ಲ, ಅದಕ್ಕೇನು ಹೇಳೋಣ?

ಊರಲ್ಲಿ ನಾವು ರಕ್ತದ ಬಗ್ಗೆ ಯೋಚಿಸಿದ್ದು ಚಿಕ್ಕಪ್ಪನ ಆಪರೇಷನ್ ಇದ್ದಾಗ, ಆಸ್ಪತ್ರೆಯವರು "ನಿಮ್ಮ ಕಡೆಯಿಂದ ಇಬ್ಬರು ಡೋನರ್ ಕರೆತನ್ನಿ" ಎಂದಾಗ. ಆಗ ಅಣ್ಣತಮ್ಮಂದಿರು, ಆಫೀಸಿನ ಗೆಳೆಯರು, ಪಕ್ಕದ ಮನೆ ಹುಡುಗ ಎಲ್ಲರೂ ಓಡಿ ಬರುತ್ತಾರೆ. ದೊಡ್ಡ ಗುಣವೇ, ತಮಾಷೆ ಮಾಡುತ್ತಿಲ್ಲ. ಹಿಂದೆ ದುಡ್ಡಿಗೆ ರಕ್ತ ಮಾರುವವರೂ ಇದ್ದರು; ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿ 1ರಿಂದ ಅದಕ್ಕೆ ನಿಷೇಧ ಬಂತು. ನಾವೋ, "ನಮ್ಮವರಿಗೆ ಬೇಕಾದಾಗ ಕೊಟ್ಟರಾಯಿತು" ಎನ್ನುವ ಅಭ್ಯಾಸವನ್ನು ಚಟ್ನಿಪುಡಿ ಜೊತೆ ಸೂಟ್‌ಕೇಸಿನಲ್ಲಿ ಇಲ್ಲಿಗೂ ತಂದೆವು. ಇಲ್ಲಿ ಯಾರೂ ಬಂದು ಕೇಳುವುದಿಲ್ಲ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದರೆ ಫ್ರಿಜ್‌ನಿಂದ ತೆಗೆದು ಏರಿಸುತ್ತಾರೆ, ನಾವು ದೇವರಿಗೆ ಕೈ ಮುಗಿದು ಮನೆಗೆ ಬರುತ್ತೇವೆ. ಆ ಚೀಲ ಅಲ್ಲಿಗೆ ಬಂದದ್ದು ಯಾರೋ ಹೋದ ತಿಂಗಳು ಬಿಡುವು ಮಾಡಿಕೊಂಡು ಕೊಟ್ಟಿದ್ದರಿಂದ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಒಂದು ವಾರವೂ ಕಷ್ಟ.

ವಾಟ್ಸಾಪ್‌ನಲ್ಲಿ ಮಾತ್ರ ನಾವು ಮಹಾ ದಾನಿಗಳು. "ಅರ್ಜೆಂಟ್, ಬಿ ನೆಗೆಟಿವ್ ಬೇಕಾಗಿದೆ" ಎಂದು ಬೆಂಗಳೂರಿನ ಮೆಸೇಜ್ ಬರುತ್ತದೆ, ಅದರಲ್ಲಿ ತಾರೀಖು ಇರುವುದಿಲ್ಲ. ಆ ರೋಗಿ ಗುಣವಾಗಿ ಮನೆಗೆ ಹೋಗಿ ಎರಡು ವರ್ಷ ಆಗಿರಬಹುದು, ಮೆಸೇಜ್ ಇನ್ನೂ ಓಡಾಡುತ್ತಿರುತ್ತದೆ. ನಾನೂ ಸುಮ್ನೆ ಫಾರ್ವರ್ಡ್ ಮಾಡಿದವನೇ.

ಬಿ ಅಂದಾಗ ನೆನಪಾಯಿತು. ಅಮೆರಿಕದಲ್ಲಿ ಬಿ ಗುಂಪಿನವರು ಹತ್ತರಲ್ಲೊಬ್ಬರು. ಭಾರತದವರಲ್ಲಿ ಸುಮಾರು ಮೂರರಲ್ಲೊಬ್ಬರು. ಅಂದರೆ ನಮ್ಮ ಒಂದು ಯುಗಾದಿ ಊಟದ ಪಂಕ್ತಿಯಲ್ಲಿ ಎಷ್ಟು ಜನ ಸಿಗುತ್ತಾರೆ, ಲೆಕ್ಕ ಹಾಕಿ! ಇನ್ನು ಬಾಂಬೆ ಗುಂಪು ಅಂತ ಒಂದಿದೆ, 1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಕಂಡುಹಿಡಿದದ್ದು. ಮಾಮೂಲಿ ಪರೀಕ್ಷೆಯಲ್ಲಿ ಒ ಅಂತಲೇ ಕಾಣುತ್ತದೆ, ಆದರೆ ಅವರಿಗೆ ಒ ರಕ್ತವೂ ಒಗ್ಗುವುದಿಲ್ಲ, ಅದೇ ಗುಂಪಿನವರದ್ದೇ ಬೇಕು. ತೀರಾ ಅಪರೂಪದ ಗುಂಪು, ಇದ್ದರೆ ನಮ್ಮ ಕಡೆಯವರಲ್ಲೇ ಜಾಸ್ತಿ.

"ನಾನು ಮೊದಲೇ ಸಣಕಲು" ಎನ್ನುವವರಿಗೆ: 50 ಕೆಜಿ ಇದ್ದರೆ ಸಾಕು. ತೆಗೆಯುವುದು ಅರ್ಧ ಲೀಟರಿನಷ್ಟು, ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕಣಗಳಿಗೆ ಕೆಲವು ವಾರ ಬೇಕು. ಅದಕ್ಕೇ 56 ದಿನದ ಅಂತರ. ನಮ್ಮ ಹೆಣ್ಣುಮಕ್ಕಳು ವಾಪಸ್ ಬರುವುದು ಹಿಮೋಗ್ಲೋಬಿನ್ ಸಾಲದೆ, 12.5 ಇರಬೇಕು. ಊಟ ಆದ ತಕ್ಷಣ ಫಿಲ್ಟರ್ ಕಾಫಿ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿ, ಕಾಫಿ ಒಂದು ಗಂಟೆ ಬಿಟ್ಟು ಕುಡಿಯಿರಿ. ನನ್ನ ಹೆಂಡತಿ ಇದನ್ನು ಓದಿ "ಮೊದಲು ನೀವು ಬಿಡಿ" ಎಂದಳು, ಇರಲಿ.

ಈ ಸಲ ರಾಜ್ಯೋತ್ಸವದ ದಿನ ಊಟದ ಸಾಲಿನ ಪಕ್ಕ ಹೆಸರು ಬರೆಸಲು ಒಂದು ಟೇಬಲ್ ಹಾಕುತ್ತೇವೆ. ರಕ್ತ ಕೊಡುವುದು ನವೆಂಬರ್ ಮೂರನೇ ಶನಿವಾರ. ಬೇಸಿಗೆ ರಜೆಗೆ ಹೋಗಿ ಆಗಸ್ಟ್ ಮೊದಲ ವಾರ ಬಂದವರಿಗೆ ಅಷ್ಟರಲ್ಲಿ 3 ತಿಂಗಳು ಮುಗಿದಿರುತ್ತದೆ, ಡಿಸೆಂಬರ್ ಟಿಕೆಟ್ ತೆಗೆದವರು ಇನ್ನೂ ಹೊರಟಿರುವುದಿಲ್ಲ. ಪುಳಿಯೋಗರೆ ತಟ್ಟೆ ಎಡಗೈಯಲ್ಲಿ ಹಿಡಿದುಕೊಂಡೇ ಬರೆಯಬಹುದು, ಪೆನ್ನು ನಾನು ತರುತ್ತೇನೆ.