ಎಸ್‌ಜಿಪಿಟಿ ಇಳಿದರೆ ಕಾಮಾಲೆ ವಾಸಿಯಾದಂತಲ್ಲ

ಮಾನ್ಯ ಸಂಪಾದಕರೇ,

ಕಣ್ಣು ಹಳದಿಯಾದರೆ ಲ್ಯಾಬಿಗೆ ಬಂದು ಲಿವರಿನ ರಕ್ತಪರೀಕ್ಷೆಯಾದ ಎಲ್‌ಎಫ್‌ಟಿ ಮಾಡಿಸುವುದು ನಮ್ಮ ಕೋಲಾರದ ಕಡೆ ಈಗ ರೂಢಿಯಾಗಿದೆ. ಒಳ್ಳೆಯದೇ. ಆದರೆ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಇಳಿದದ್ದೊಂದನ್ನೇ ನೋಡಿ, ನಾಟಿ ಔಷಧಿ ಕೆಲಸ ಮಾಡಿತೆಂದು ನಂಬಿ ಮುಂದಿನ ಪರೀಕ್ಷೆ ಬಿಟ್ಟುಬಿಡುವವರು ಬಹಳ. ಲ್ಯಾಬ್ ಕೆಲಸದಲ್ಲಿರುವ ನಮಗೆ ಇದು ಆತಂಕದ ವಿಷಯ.

ಎಸ್‌ಜಿಪಿಟಿ, ಎಸ್‌ಜಿಒಟಿ ಲಿವರಿನ ಜೀವಕೋಶದೊಳಗಿನ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಸಾಮಾನ್ಯವಾಗಿ ಲೀಟರಿಗೆ 40 ಯೂನಿಟ್ ಒಳಗಿರುವ ಎಸ್‌ಜಿಪಿಟಿ, ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಯಿಲೆಗಳಲ್ಲಿ ಸಾವಿರ ದಾಟುವುದುಂಟು, ಅದೂ ಕಣ್ಣು ಹಳದಿಯಾಗುವ ಮೊದಲೇ. ಹಳದಿ ಏರುವ ಹೊತ್ತಿಗೆ ಅದು ಇಳಿಮುಖವಾಗಿರುತ್ತದೆ. ಸೊಪ್ಪಿನ ರಸ ಕುಡಿದರೂ ಬಿಟ್ಟರೂ ಹೆಚ್ಚಿನವರಲ್ಲಿ ಇಳಿಯುತ್ತದೆ.

ಭಯಪಡಬೇಕಾದ ಇಳಿಕೆ ಇನ್ನೊಂದಿದೆ. ಎಸ್‌ಜಿಪಿಟಿ ಸರಸರನೆ ಇಳಿಯುತ್ತಾ ಕಣ್ಣಿಗೆ ಹಳದಿ ತರುವ ಬಿಲಿರುಬಿನ್ ಮಾತ್ರ ಏರುತ್ತಿದ್ದರೆ, ಸೋರಲು ಕೋಶಗಳೇ ಉಳಿದಿಲ್ಲವೆಂದು ಶಂಕಿಸಬೇಕು. ಆಗ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಪಿಟಿ-ಐಎನ್‌ಆರ್ ಮಾಡಿಸಲೇಬೇಕು. ಅದು 1.5 ಮುಟ್ಟಿ, ರೋಗಿ ತೂಕಡಿಸುತ್ತಾ ತಡಬಡ ಮಾತಾಡತೊಡಗಿದರೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ತುಂಬು ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಅಂಥವರನ್ನು ಪಥ್ಯವೆಂದು ಮನೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳಬೇಡಿ.

ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳ ರೀತಿಯೇ ಬೇರೆ. ಎಸ್‌ಜಿಪಿಟಿ ವರ್ಷಗಟ್ಟಲೆ 30–35ರಲ್ಲೇ ಇದ್ದು ಒಳಗೊಳಗೇ ಲಿವರ್ ಗಟ್ಟಿಯಾಗುತ್ತಿರಬಹುದು. ಇವುಗಳನ್ನು ಹಿಡಿಯಲು ಎಚ್‌ಬಿಎಸ್‌ಎಜಿ ಮತ್ತು ಆ್ಯಂಟಿ-ಎಚ್‌ಸಿವಿ ಪರೀಕ್ಷೆಗಳೇ ಬೇಕು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಎರಡಕ್ಕೂ ಪರೀಕ್ಷೆ, ಚಿಕಿತ್ಸೆ ಉಚಿತ. ಹೆಪಟೈಟಿಸ್ ಸಿ ಬಹುತೇಕರಲ್ಲಿ 12 ವಾರಗಳ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. ತಾಯಿಗೆ ಬಿ ಇದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಲೇಬೇಕು.

ಕಿಣ್ವ ಏರಿದ್ದೆಲ್ಲ ವೈರಲ್ ಕಾಮಾಲೆಯೂ ಅಲ್ಲ. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡರಷ್ಟಿದ್ದರೆ ಕುಡಿತದ ಕಡೆ ನೋಡಬೇಕು. ಡೆಂಗಿಯಲ್ಲೂ ಎಸ್‌ಜಿಒಟಿಯೇ ಮುಂದಿರುತ್ತದೆ. ಟಿಬಿ ಮಾತ್ರೆಯಿಂದಲೂ ಕಿಣ್ವ ಏರಬಹುದು, ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ.

ಇನ್ನು ನಮ್ಮದೇ ವೃತ್ತಿಯವರಿಗೆ. ಸಣ್ಣ ಲ್ಯಾಬಿನ ಸೆಮಿ-ಆಟೋ ಅನಲೈಸರ್‌ನಲ್ಲಿ ಕಿಣ್ವ ವಿಪರೀತ ಇರುವ ಸೀರಂ (ರಕ್ತಕಣ ಬೇರ್ಪಡಿಸಿದ ತಿಳಿ ದ್ರವ) ಹಾಕಿದರೆ, ಯಂತ್ರ ಅಳೆಯಲು ಶುರುಮಾಡುವ ಮೊದಲೇ ಪರೀಕ್ಷೆಯ ರಾಸಾಯನಿಕವಾದ ರೀಏಜೆಂಟ್ ಖರ್ಚಾಗಿಬಿಡುತ್ತದೆ. ಸಾವಿರಗಳಲ್ಲಿ ಬರಬೇಕಾದ ಅಂಕಿ ನೂರರೊಳಗೆ ಬಂದು ಕೂರುತ್ತದೆ. ಸೀರಂ ಕಡು ಹಳದಿಯಿದ್ದು ಎಸ್‌ಜಿಪಿಟಿ ಕಡಿಮೆ ಬಂದರೆ ನಂಬಬೇಡಿ. ಒಂದು ಪಾಲು ಸೀರಂಗೆ ಒಂಬತ್ತು ಪಾಲು ಸಲೈನ್ ಬೆರೆಸಿ ಮತ್ತೆ ಓಡಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿ.

ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬೈಕಿನಲ್ಲಿ ಕುಲುಕಿಕೊಂಡು ಬರುವ ರಕ್ತದ ವಿಷಯವೂ ಇದೆ. ಕೆಂಪು ರಕ್ತಕಣ ಒಡೆದರೆ ಅದರೊಳಗಿನ ಎಸ್‌ಜಿಒಟಿ ಸೀರಂಗೆ ಸೇರಿ ಅಂಕಿ ಸುಳ್ಳಾಗಿ ಏರುತ್ತದೆ. ಬಿಸಿಲು ತಾಗಿದರೆ ಬಿಲಿರುಬಿನ್ ಸುಳ್ಳಾಗಿ ಇಳಿಯುತ್ತದೆ. ಆದ್ದರಿಂದ ಸಂಗ್ರಹ ಕೇಂದ್ರದಲ್ಲೇ ಎರಡು ಗಂಟೆಯೊಳಗೆ ಸೀರಂ ಬೇರ್ಪಡಿಸಿ, ಟ್ಯೂಬಿಗೆ ಕಪ್ಪು ಕಾಗದ ಸುತ್ತಿ, ತಣ್ಣನೆಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಸಿರಿಂಜಿನಿಂದ ಟ್ಯೂಬಿಗೆ ಹಾಕುವಾಗ ಸೂಜಿ ತೆಗೆದು ಮೆಲ್ಲಗೆ ಬಿಡಿ. ಸೀರಂ ಕೆಂಪಗಾಗಿದ್ದರೆ ಆ ರಿಪೋರ್ಟ್ ಕೊಡಲೇಬೇಡಿ. ರೋಗಿಯ ಕಡೆಯವರು ರೇಗಿದರೂ ಸರಿ, ಕಾರಣ ತಿಳಿಸಿ ಇನ್ನೊಮ್ಮೆ ರಕ್ತ ತೆಗೆಯಿರಿ, ಅದಕ್ಕೆ ದುಡ್ಡು ಕೇಳಬೇಡಿ.

– ಪ್ರಯೋಗಾಲಯ ತಂತ್ರಜ್ಞರು, ಕೋಲಾರ