ಗೋಮಾಳದ ಗರಸು: ಪಾಸ್ ನೋಡಿದರೆ ಸಾಲದು, ಗುಂಡಿ ಅಳೆಯಿರಿ

ಮಾನ್ಯ ಸಂಪಾದಕರೇ,

ಗದಗ–ಹಾವೇರಿ ಸೀಮೆಯಲ್ಲಿ ರಸ್ತೆ ಕೆಲಸ ಶುರುವಾದರೆ ಮೊದಲು ಕಣ್ಣು ಬೀಳುವುದು ಊರ ಗೋಮಾಳದ ಗರಸಿನ (ರಸ್ತೆಗೆ ಹಾಸುವ ಗಟ್ಟಿ ಜಲ್ಲಿಮಣ್ಣು, ಮುರ್ರಂ) ಮೇಲೆ. ಯಾರಾದರೂ ತಕರಾರು ತೆಗೆದರೆ ಅಗೆಯಲು ಒಪ್ಪಿದ ಪಂಚಾಯ್ತಿ ಠರಾವು ಹೊರಬರುತ್ತದೆ. ಅದಕ್ಕೆ ಕಿಮ್ಮತ್ತಿಲ್ಲ. ಗರಸು ಉಪಖನಿಜ. 1994ರ ಉಪಖನಿಜ ರಿಯಾಯಿತಿ ನಿಯಮಗಳ ಪ್ರಕಾರ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು, ರಾಜಧನ ಕಟ್ಟಬೇಕು, ಗಾಡಿ ಗಾಡಿಗೂ ಸಾಗಣೆ ಪಾಸ್ ಇರಬೇಕು. ಕಪ್ಪತಗುಡ್ಡ ವನ್ಯಜೀವಿ ಅಭಯಾರಣ್ಯದ ಸೆರಗಿನಲ್ಲಂತೂ ಪಾಸೂ ನಡೆಯದು: ಅಭಯಾರಣ್ಯದ ಗಡಿಯಿಂದ 1 ಕಿ.ಮೀ. ಒಳಗೆ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ.

ಆದರೆ ಕಾಗದ ಸರಿ ಇದ್ದ ಕಡೆಯೂ ಕಳವು ನಡೆಯುತ್ತದೆ, ಅದೂ ಗುಂಡಿಯೊಳಗೇ. ಒಂದು ಎಕರೆ ಚೌಕ ಎಂದರೆ ಬದಿಗೆ 63.6 ಮೀಟರ್. ಗಣಿ ಯೋಜನೆಯ ನಕ್ಷೆಯಲ್ಲಿ ಸುತ್ತಲೂ 7.5 ಮೀಟರ್ ಬಿಡುವುದು ರೂಢಿ. ಅಷ್ಟು ಬಿಟ್ಟರೆ 40 ಗುಂಟೆಯಲ್ಲಿ ಅಗೆಯಲು ಉಳಿಯುವುದು 23 ಗುಂಟೆ ಚಿಲ್ಲರೆ. 3 ಮೀಟರ್ ಆಳಕ್ಕೆ 1.5 ಮೀಟರ್ ಎತ್ತರ, ಅಷ್ಟೇ ಅಗಲದ ಎರಡು ಮೆಟ್ಟಿಲು ಕಡಿದರೆ ಸುಮಾರು 6,660 ಘನ ಮೀಟರ್ ಸಿಗುತ್ತದೆ. ಘನ ಮೀಟರಿಗೆ 1.8 ಟನ್ ಹಿಡಿದರೆ 12,000 ಟನ್. 18 ಟನ್ ಹೊರುವ ಟಿಪ್ಪರಿಗೆ 670 ಟ್ರಿಪ್. ಅದೇ ಎಕರೆಯನ್ನು ಅದೇ ಆಳಕ್ಕೆ ಗಡಿಗಲ್ಲಿನಿಂದ ಗಡಿಗಲ್ಲಿಗೆ ನೆಟ್ಟಗೆ ಇಳಿಸಿದರೆ 1,200 ಟ್ರಿಪ್ ದಾಟುತ್ತದೆ. ಮಿಕ್ಕ ಐದುನೂರಕ್ಕೂ ಹೆಚ್ಚು ಟ್ರಿಪ್ಪಿನ ಲೆಕ್ಕ ಯಾರ ಪುಸ್ತಕದಲ್ಲೂ ಇರುವುದಿಲ್ಲ. ನೆಟ್ಟಗೆ ಕಡಿದ ಅಂಚಿಗೆ ಮೇಯುವ ದನ ಬೀಳುವುದು ಬೇರೆ.

ಇದನ್ನು ಕೇಳುವವರಾದರೂ ಯಾರು? ಆಳ 6 ಮೀಟರ್ ದಾಟದೆ, ಮದ್ದು ಸಿಡಿಸದೆ, ಕೆಲಸಗಾರರು 50ರೊಳಗೆ ಇದ್ದರೆ ಗರಸಿನ ಗುಂಡಿಗೆ 2025ರವರೆಗೆ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆಯ ಬಹುಪಾಲು ಕಲಂಗಳು ತಾಗುತ್ತಿರಲಿಲ್ಲ. ಗಣಿ ಸುರಕ್ಷತೆಯ ಅಧಿಕಾರಿಗೆ ಬಂದು ನೋಡುವ ಅಧಿಕಾರ ಉಳಿದಿದ್ದರೂ ಜಾರಿ ಮಾಡಲು ಹೆಚ್ಚಿನ ಕಲಂಗಳೇ ಇರಲಿಲ್ಲ.

ಟಿಪ್ಪರ್ ಎಣಿಸಿ ಘನ ಮೀಟರ್ ಹೇಳುವುದೂ ಮೋಸ. ಅಗೆದ ಗರಸು ಸಡಿಲಾಗಿ ಸುಮಾರು ಐದನೇ ಒಂದರಷ್ಟು ಉಬ್ಬುತ್ತದೆ. ಟಿಪ್ಪರಿನ 12 ಘನ ಮೀಟರ್ ಗುಂಡಿಯಲ್ಲಿ 10 ಇದ್ದೀತು. ಆದ್ದರಿಂದ ವೇ ಬ್ರಿಜ್ ಚೀಟಿಯ ತೂಕ ಒಂದು, ಗುಂಡಿಯ ಅಳತೆ ಒಂದು, ಎರಡನ್ನೂ ತಾಳೆ ನೋಡಬೇಕು. ಅಗೆಯುವ ಮೊದಲೇ ನಾಲ್ಕು ಮೂಲೆಗೆ ಕಲ್ಲು ನೆಟ್ಟು, 10 ಮೀಟರಿಗೊಂದರಂತೆ ನೆಲದ ಎತ್ತರದ ಲೆವೆಲ್ ಹಿಡಿದು, ಗುಂಡಿಯ ಹೊರಗಿನ ಗುಡಿಕಟ್ಟೆಗೋ ಬೇರೊಂದು ಅಲುಗದ ಕಲ್ಲಿಗೋ ಗುರುತು ಕಟ್ಟಿ ಆ ಹಾಳೆಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಕೆಲಸ ಮುಗಿದ ಮೇಲೆ ಅದೇ ಗುರುತಿನಿಂದ ಮತ್ತೆ ಅಳೆಯಲಿ. ತಹಶೀಲ್ದಾರರ ಸಮ್ಮುಖದ ಜಂಟಿ ಸರ್ವೆಗೆ ಇದು ಒಂದು ದಿನದ ಕೆಲಸ.

ಈಗ ಹಲವು ಕಡೆ ಗುಂಡಿಯ ನಡುವೆ ಹಳೇ ನೆಲದ ಎತ್ತರಕ್ಕೆ ಸಾಕ್ಷಿಗೆಂದು ಬಿಟ್ಟ ಮಣ್ಣಿನ ಕಂಬಗಳನ್ನೇ ನಂಬುತ್ತಾರೆ. ಅವುಗಳ ತಲೆ ಸವರಿ ಗಿಡ್ಡ ಮಾಡಿದರೆ ಆಳ ಕಡಿಮೆ ಕಾಣುತ್ತದೆ. ಕಂಬದ ನೆತ್ತಿಯ ಮೇಲೆ ಹಳೇ ಹುಲ್ಲಿನ ಬೇರು ಇಲ್ಲವೆಂದರೆ ಅದು ಮೂಲ ನೆಲವಲ್ಲ; ಆ ಅಳತೆಗೆ ಸಾಕ್ಷಿ ನಿಂತ ಪಂಚರು ಸಹಿ ಹಾಕಬಾರದು.

— ನಿವೃತ್ತ ಭೂಮಾಪಕರು, ಮುಂಡರಗಿ