ಬಾಯಲ್ಲಿ ಹೇಳಬೇಡ, ಬರೆದು ಕೊಡು

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನಮ್ಮ ಎಲ್ಲ ಹೇಳಿದಳು. ಇಂಟರ್ನಲ್ ಟೆಸ್ಟ್ ಬರೆದಿದ್ದರೂ ಒಂದು ಪೇಪರಿಗೆ ಆಬ್ಸೆಂಟ್ ಅಂತ ಬಂದಿದೆಯಂತೆ, ಆಫೀಸಿಗೆ ಹೋದಾಗಲೆಲ್ಲ ನಾಳೆ ಬನ್ನಿ ಅಂತಾರಂತೆ, ನೀನು ಊಟ ಬಿಟ್ಟು ರೂಮಿನಲ್ಲಿ ಕೂತಿದ್ದೀಯಂತೆ. ಮೊದಲು ಊಟ ಮಾಡು. ಮಳೆಗೆ ಇಲ್ಲಿ ಕರೆಂಟ್ ಇಲ್ಲ, ಫೋನ್ ಮಾಡಿದರೆ ಅರ್ಧ ಮಾತಿಗೇ ಕಟ್ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವನು. ಕೌಂಟರಿನ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ ಕೇಳು. ಒಬ್ಬಳು ಹುಡುಗಿ ಕಿಟಕಿಯ ಹತ್ತಿರ ನಿಂತು ತನ್ನ ಕಷ್ಟ ಹೇಳುತ್ತಾಳೆ. ಒಳಗಿನವರು ತಲೆ ಆಡಿಸುತ್ತಾರೆ. ಅವಳ ಹಿಂದೆ ಉದ್ದ ಕ್ಯೂ. ಸಂಜೆಯ ಹೊತ್ತಿಗೆ ಯಾರು ಏನು ಹೇಳಿದರು ಅಂತ ಯಾರಿಗೂ ನೆನಪಿರುವುದಿಲ್ಲ, ಅದರಲ್ಲಿ ಕೆಟ್ಟತನ ಏನೂ ಇಲ್ಲ. ಅದೇ ಮಾತು ಒಂದು ಹಾಳೆಯಲ್ಲಿ ಬರೆದು ಟಪಾಲಿಗೆ ಬಂತು ಅನ್ನು. ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರ್ ಬೀಳುತ್ತದೆ, ಕಾಗದ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ, ಅವರು ಅದರ ಅಂಚಿನಲ್ಲಿ ಏನಾದರೂ ಬರೆದು ಸಹಿ ಹಾಕಲೇಬೇಕು, ಹಾಕಿದ ಮೇಲೆ ಅದು ಯಾರೋ ಒಬ್ಬರ ತಲೆಗೆ ಬರುತ್ತದೆ. ಆಮೇಲೆ ಅವರೇ ನಿನ್ನನ್ನು ಹುಡುಕುತ್ತಾರೆ.

ಹಾಗಾಗಿ ಅರ್ಜಿ ಬರಿ. ಹೆಸರು, ರಿಜಿಸ್ಟರ್ ನಂಬರ್, ಪೇಪರಿನ ಕೋಡ್, ಟೆಸ್ಟ್ ನಡೆದ ದಿನ, ರೂಮ್ ನಂಬರ್ ಎಲ್ಲ ಹಾಕು. ಆ ದಿನ ಹಾಜರಿ ಹಾಳೆಗೆ ಸಹಿ ಮಾಡಿದ್ದೆಯಲ್ಲ, ‘ದಯವಿಟ್ಟು ಆ ಹಾಳೆಯನ್ನು ಪರಿಶೀಲಿಸಿ’ ಅಂತ ಒಂದು ಸಾಲು ಸೇರಿಸು. ಆ ಸಾಲೇ ಮುಖ್ಯ. ಎಷ್ಟೋ ಸಲ ಯುಯುಸಿಎಂಎಸ್ ಅನ್ನುವ ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲಿಗೆ ಅಂಕ ಏರಿಸುವಾಗ ಆದ ತಪ್ಪಾಗಿರುತ್ತದೆ, ಹಾಳೆ ತೆಗೆದು ನೋಡಿದರೆ ಮುಗಿಯಿತು. ಎರಡು ಪ್ರತಿ ಮಾಡು. ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲ್, ತಾರೀಕು ಹಾಕಿಸಿಕೋ. ಸೀಲ್ ಇಲ್ಲ ಅಂದರೆ ಈಮೇಲ್ ಮಾಡು, ಅದರಲ್ಲೂ ತಾರೀಕು ಇರುತ್ತದೆ. ಜಗಳ ಮಾಡಬೇಡ, ವಿನಯವಾಗಿಯೇ ಬರಿ.

ಇಷ್ಟಕ್ಕೂ ಆಗದಿದ್ದರೆ ಮುಂದಿನ ಮೆಟ್ಟಿಲು ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆಗೆ ಅಂತಲೇ ನಿಯಮ ಮಾಡಿದೆ. ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅಲ್ಲೂ ನ್ಯಾಯ ಸಿಗಲಿಲ್ಲ ಅನಿಸಿದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್, ಅಂದರೆ ಇಂಥ ಮೇಲ್ಮನವಿ ವಿಚಾರಿಸುವವರ ಹತ್ತಿರ ಮೇಲ್ಮನವಿ ಹಾಕಬಹುದು. ಈ ದಿನಗಳ ಲೆಕ್ಕಕ್ಕೆಲ್ಲ ಆಧಾರ ನಿನ್ನ ಕೈಯಲ್ಲಿರುವ ಸೀಲ್ ಬಿದ್ದ ಪ್ರತಿ. ಅದು ಇಲ್ಲದಿದ್ದರೆ ಯಾವ ದಿನದಿಂದ ಎಣಿಸುತ್ತೀಯ?

ನಿನಗೆ ಇದೆಲ್ಲ ರಗಳೆ ಅನಿಸಬಹುದು. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಗುವವರೆಗೂ ನಮ್ಮ ಕಡೆಯ ಡಿಗ್ರಿ ಕಾಲೇಜುಗಳು ಮಂಗಳೂರು ವಿ.ವಿ.ಗೆ ಸೇರಿದ್ದವು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಿದರೂ ಮಕ್ಕಳು ಸಂಪಾಜೆ ಘಾಟಿ ಇಳಿದು ಕೊಣಾಜೆಯ ವಿ.ವಿ. ಆಫೀಸಿಗೆ ಹೋಗಿ ಬರಬೇಕಿತ್ತು. ಕಾಗದ ಸರಿ ಇದ್ದವರು ಒಂದೇ ಸಲಕ್ಕೆ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಉಳಿದವರು ಸುಮ್ನೆ ಬಸ್ ಚಾರ್ಜ್ ದಂಡ ಮಾಡಿಕೊಂಡು ಬರುತ್ತಿದ್ದರು.

ಇನ್ನೊಂದೆರಡು ವಿಷಯ ಗೊತ್ತಿರಲಿ. ನಿನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ನಿನಗಿದೆ. ಮೌಲ್ಯಮಾಪನ ಆದ ಉತ್ತರ ಪತ್ರಿಕೆಯೂ ಮಾಹಿತಿ ಹಕ್ಕಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅರ್ಜಿಗೆ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಆದರೆ ಮರುಮೌಲ್ಯಮಾಪನಕ್ಕೆ ಬೇರೆ ಕೊನೆಯ ದಿನ ಇರುತ್ತದೆ, ಅದು ನಿನಗಾಗಿ ಕಾಯುವುದಿಲ್ಲ. ಹಾಗೆಯೇ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿ.ಸಿ.ಯನ್ನು ಕಾಲೇಜಿನವರು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ. ನೋಡಿ, ಹೋಲಿಸಿ, ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ಹೇಳಿದೆ. ನಮ್ಮ ಬೀದಿಯ ಹುಡುಗನೊಬ್ಬನ ಕಾಗದಗಳನ್ನು ಒಂದು ಖಾಸಗಿ ಕಾಲೇಜು ಹಿಡಿದಿಟ್ಟಿತ್ತು. ಅವನ ಅಪ್ಪ ಎಷ್ಟು ಕೂಗಾಡಿದರೂ ಕೊಡಲಿಲ್ಲ. ಆ ಸುತ್ತೋಲೆಯನ್ನು ಅರ್ಜಿಗೆ ಪಿನ್ ಮಾಡಿ ಕೊಟ್ಟ ಮೇಲೆ ತಾವೇ ಕರೆದು ಕೊಟ್ಟರು.

ಈಗ ನಿನಗೆ ಇಷ್ಟ ಆಗದ ಭಾಗ.

ಹಾಜರಾತಿ. 75 ಪರ್ಸೆಂಟ್ ಇಲ್ಲದವರು ಬಂದು ಪರೀಕ್ಷೆ ಬರೆಯುವುದು ನನ್ನ ಹಕ್ಕು ಅಂದರೆ ಯಾವ ಸಮಿತಿಯೂ ಕೇಳುವುದಿಲ್ಲ. ಊರಿನ ಮಕ್ಕಳ ರಜೆಯ ಲೆಕ್ಕ ನನಗೆ ಗೊತ್ತು. ಹುತ್ತರಿ ಹಬ್ಬಕ್ಕೆ ಬಂದವರು ವಾರ ನಿಲ್ಲುತ್ತಾರೆ. ಆಮೇಲೆ ಕಾಫಿ ಕುಯ್ಲಿಗೆ ಆಳು ಸಿಗಲಿಲ್ಲ ಅಂತ ಅಪ್ಪ ಕರೆಯುತ್ತಾನೆ, ಆಮೇಲೆ ಯಾರದೋ ಮದುವೆ. ನಿನ್ನಪ್ಪ ಕುಯ್ಲಿಗೆ ಕರೆದರೆ ನನಗೆ ಹೇಳು, ಅವನ ಹತ್ತಿರ ನಾನು ಮಾತಾಡುತ್ತೇನೆ.

ರಾಗಿಂಗ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಸೇರುವಾಗ ನೀನೂ ನಿನ್ನಪ್ಪನೂ ರಾಗಿಂಗ್ ವಿರೋಧಿ ಮುಚ್ಚಳಿಕೆ ಕೊಟ್ಟಿದ್ದೀರಿ. ಅದನ್ನು ಓದದೆ ಓಕೆ ಒತ್ತಿರುತ್ತೀಯ, ಅಲ್ವಾ? ನಿನಗೆ ಯಾರಾದರೂ ತೊಂದರೆ ಕೊಟ್ಟರೆ 1800-180-5522ಕ್ಕೆ ಫೋನ್ ಮಾಡಬಹುದು, ದಿನದ ಯಾವ ಹೊತ್ತಿಗಾದರೂ ಸರಿ. ಆದರೆ ಆ ಮುಚ್ಚಳಿಕೆ ನೀನೂ ರಾಗಿಂಗ್ ಮಾಡುವುದಿಲ್ಲ ಅಂತ ಕೊಟ್ಟ ಮಾತೂ ಹೌದು. ಈ ವರ್ಷ ನಿನಗೆ ಜೂನಿಯರ್‌ಗಳು ಬರುತ್ತಾರೆ. ಹೊಡೆದರೆ ಮಾತ್ರ ರಾಗಿಂಗ್ ಅಂದುಕೊಳ್ಳಬೇಡ. ಜಾತಿ, ಊರು, ಭಾಷೆ, ಬಣ್ಣ ಹಿಡಿದು ಹೀಯಾಳಿಸುವುದನ್ನೂ 2016ರಲ್ಲಿ ನಿಯಮಕ್ಕೆ ಸೇರಿಸಿದ್ದಾರೆ. ಕೊಡಗಿನವಳು ಅಂದ ಕೂಡಲೇ ‘ವೈನ್ ತಂದಿದ್ದೀಯಾ’ ಅಂತ ಕೇಳುತ್ತಾರೆ ಅಂತ ನೀನೇ ಗೊಣಗಿದ್ದೆ. ಬೀದರ್ ಕಡೆಯಿಂದ ಬಂದ ಹುಡುಗಿಯ ಕನ್ನಡಕ್ಕೆ ನಿಮ್ಮ ರೂಮಿನಲ್ಲಿ ನಗುವಾಗ ಅದು ನೆನಪಿರಲಿ. ನಗದೆ ಸುಮ್ಮನೆ ಕೂರುವುದು ಸಾಲದು, ನಿಲ್ಲಿಸಿ ಅನ್ನು.

ಪ್ರಾಜೆಕ್ಟನ್ನು ಜೆರಾಕ್ಸ್ ಅಂಗಡಿಯಲ್ಲಿ ಕೊಂಡು ತರಬೇಡ. ಮುಷ್ಕರಕ್ಕೆ ಹೋಗುವುದಾದರೆ ಬೇಡಿಕೆ ಏನು ಅಂತ ಓದಿಕೊಂಡು ಹೋಗು, ಕಲ್ಲು ಹಿಡಿದವರ ಪಕ್ಕ ನಿಲ್ಲಬೇಡ. ನೋಟಿಸ್ ಬೋರ್ಡ್ ನೀನೇ ನೋಡು, ಗ್ರೂಪಿನಲ್ಲಿ ಯಾರೋ ಹಾಕುತ್ತಾರೆ ಅಂತ ಕೂರಬೇಡ. ಸ್ಕಾಲರ್‌ಶಿಪ್ ಅರ್ಜಿ ಸರ್ಕಾರದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನಲ್ಲಿ ಹಾಕಿದ್ದೀಯಾ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಈಗಲೇ ನೋಡಿಕೋ. ಆಗದಿದ್ದರೆ ಮಂಜೂರಾದ ದುಡ್ಡೂ ಖಾತೆಗೆ ಬರುವುದಿಲ್ಲ.

ಅರ್ಜಿ ಬರೆದ ಮೇಲೆ ಫೋಟೋ ತೆಗೆದು ನನಗೆ ಕಳಿಸು, ತಿದ್ದಿ ಕೊಡುತ್ತೇನೆ. ಸೀಲ್ ಹಾಕಿಸಿದ ಪ್ರತಿಯನ್ನೂ ಕಳಿಸು. ದೊಡ್ಡಮ್ಮ ಕಣಿಲೆ ಉಪ್ಪಿನಕಾಯಿ ಹಾಕಿದ್ದಾಳೆ, ಸೋಮವಾರ ಸಂತೆಗೆ ಹೋದಾಗ ಬೆಂಗಳೂರಿನ ಬಸ್ಸಿಗೆ ಕೊಟ್ಟು ಕಂಡಕ್ಟರ್ ನಂಬರ್ ಮೆಸೇಜ್ ಮಾಡುತ್ತೇನೆ. ರೂಮಿನವರಿಗೂ ಕೊಡು.

ಇಂತಿ,
ನಿನ್ನ ದೊಡ್ಡಪ್ಪ